ತಾಯವ್ವನ ತಳವಿಲ್ಲದ ಪೆಟ್ಟಿಗೆಗಳು

ಮೊರಬದ ತಾಯವ್ವ ಒಮ್ಮೆ ‘ಇಲ್ಲ’ ಅಂದಳೆಂದರೆ ಮುಗಿಯಿತು, ಅವಳ ಅತ್ತೆಯೂ ಎದುರಾಡುತ್ತಿರಲಿಲ್ಲ. ಎಪ್ಪತ್ತಾರರ ಚಳಿಗಾಲದಲ್ಲಿ ಅವಳ ಗಂಡ ಕನಕಪ್ಪ ಹೈಬ್ರಿಡ್ ಹತ್ತಿಗೆ ಹುಳ ಕೊಲ್ಲುವ ಎಣ್ಣೆ ಹೊಡೆಯುತ್ತ ಸಾಲಿನಲ್ಲೇ ಕುಸಿದುಬಿದ್ದ. ಬಾಯಲ್ಲಿ ನೊರೆ. ನವಲಗುಂದದ ದವಾಖಾನೆಯಲ್ಲಿ ಐದು ದಿನ ಇದ್ದು ಬದುಕಿ ಬಂದ. ಇನ್ನೊಮ್ಮೆ ಆ ವಿಷ ಮೈಗೆ ಹತ್ತಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದನ್ನು ತಾಯವ್ವ ಮರೆಯಲಿಲ್ಲ. ಕನಕಪ್ಪ ಮರುವರ್ಷಕ್ಕೇ ಮರೆತ. ಗಂಡಸರ ನೆನಪು ಅಷ್ಟೇ, ಪಕ್ಕದ ಹೊಲದ ಹತ್ತಿ ಎದ್ದು ನಿಂತಿತೆಂದರೆ ಕರಗಿಹೋಗುತ್ತದೆ. ಮತ್ತೆ ಎಣ್ಣೆ ಹೊಡೆಯಲು ಹೊರಟವನಿಗೆ ಅವಳು ‘ಇಲ್ಲ’ ಅಂದಳು.

“ಎಣ್ಣಿ ಹೊಡೀಲಿಲ್ಲಂದ್ರ ಕಾಯಿಗೆ ಹುಳಾ ಬೀಳ್ತಾವ. ನೀ ಏನ್ ಕೈಲೆ ಆರಸ್ತೀ ಏನು?” ಎಂದ.

“ಆರಸಾಕ ಬಾವಲಿ ಅದಾವ್ರಿ,” ಎಂದಳು ತಾಯವ್ವ.

ಚೌತಿ ಮುಗಿದ ಮೇಲೆ ಊರ ಹಳೆಯ ಚಾವಡಿಯ ಮಾಳಿಗೆ ಕೀಳುವಾಗ, ಹಲಗೆಗಳ ನಡುವೆ ಬೆರಳು ತೂರುವಷ್ಟೇ ಸಂದಿನಲ್ಲಿ ಹೆಬ್ಬೆರಳುದ್ದದ ಬಾವಲಿಗಳು ಒತ್ತೊತ್ತಾಗಿ ಕೂತದ್ದನ್ನು ಅವಳು ಕಂಡಿದ್ದಳು. ಸಂಜೆ ಅವು ಹತ್ತಿಯ ಮೇಲೆ ಹಾರಾಡಿ ಪತಂಗ ಹಿಡಿಯುವುದನ್ನೂ ಕಂಡಿದ್ದಳು. ಕಾಯಿ ಕೊರೆಯುವ ಹುಳಕ್ಕೆ ಆ ಪತಂಗವೇ ತಾಯಿ. ಸೂರು ಹೋದ ಬಾವಲಿಗಳು ದಿಕ್ಕಾಪಾಲಾಗಿ ಊರ ಗೋಡೆಗಳ ಬಿರುಕು ಹಿಡಿದಿದ್ದವು. ಅವಕ್ಕೆ ತನ್ನ ಹೊಲದಲ್ಲೇ ಮನೆ ಮಾಡಿಕೊಡುತ್ತೇನೆಂದು ಹೊರಟಳು. ಕನಕಪ್ಪ ದೀಪಾವಳಿಯವರೆಗೆ ಗಡುವು ಕೊಟ್ಟ. ಅಷ್ಟರಲ್ಲಿ ಬಾವಲಿ ಬರದಿದ್ದರೆ ಅವನ ಬೆನ್ನಿಗೆ ಮತ್ತೆ ಎಣ್ಣೆ ಹೊಡೆಯುವ ಪಂಪು ಏರುತ್ತದೆ.

“ತಳಾ ಇಲ್ಲದ ಪೆಟಗಿ ನಾ ಹುಟ್ಟಿದಾಗಿಂದ ಮಾಡಿಲ್ಲಬೇ ಯಕ್ಕಾ,” ಎಂದು ನಗುತ್ತಲೇ ಬಡಿಗ ಸಿರಾಜುದ್ದೀನ, ಬಾವಲಿ ಕೆಳಗಿನಿಂದ ಹೊಕ್ಕು ಹಲಗೆಯ ಸಂದಿನಲ್ಲಿ ಕೂರುವಂಥ ನಾಲ್ಕು ಪೆಟ್ಟಿಗೆ ಮಾಡಿಕೊಟ್ಟ. ಬಾವಲಿ ಹೊಕ್ಕ ಮನೆ ಹಾಳು ಎನ್ನುವ ಊರು. ಇರಲಾರದೆ ಇರುವೆ ಬಿಟ್ಟುಕೊಂಡಳೆಂದು ಆಡಿಕೊಂಡಿತು. ತಾಯವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಸ ಮನೆಯೆಂದರೆ ಸಾರಿಸಬೇಡವೇ? ಪೆಟ್ಟಿಗೆಗಳಿಗೆ ಸೆಗಣಿ ಬಳಿದು, ಸುಣ್ಣ ಹಚ್ಚಿ, ಲೋಬಾನದ ಹೊಗೆ ಹಾಕಿ, ಬದುವಿನ ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿಸಿದಳು. ಹದಿನೈದು ದಿನವಾದರೂ ಒಂದೂ ಬರಲಿಲ್ಲ.

ಅವಳಿಗೆ ಅಳು ಬಂತು. ಅತ್ತ ಮೇಲೆ ಬುದ್ಧಿ ಓಡಿತು. ಮದುವೆಯಾಗಿ ಬಂದ ಹೊಸದರಲ್ಲಿ ಈ ಮನೆಯ ಒಗೆದ ಹಾಸಿಗೆಯಲ್ಲಿ ನಿದ್ದೆ ಹತ್ತದೆ, ತಿರ್ಲಾಪುರದಿಂದ ತಂದಿದ್ದ ಅವ್ವನ ಮಾಸಿದ ಕೌದಿಯನ್ನೇ ಮುಖದ ಮೇಲೆ ಎಳೆದುಕೊಳ್ಳುತ್ತಿದ್ದಳು. ಬಾವಲಿಗೂ ತವರಿನ ವಾಸನೆ ಬೇಡವೇ? ಮರುದಿನವೇ ಹೋಗಿ, ಸೌದೆಗೆಂದು ಒಟ್ಟಿದ್ದ ಚಾವಡಿಯ ಹಲಗೆಗಳನ್ನು ಹೊತ್ತು ತಂದಳು. ಮಸಿ, ಹಿಕ್ಕೆ, ಮುಗ್ಗಲು ವಾಸನೆ ಯಾವುದನ್ನೂ ತೊಳೆಯಗೊಡದೆ ಬೇರೆ ಪೆಟ್ಟಿಗೆ ಮಾಡಿಸಿ ಕಂಬಕ್ಕೇರಿಸಿದಳು.

ದೀಪಾವಳಿಯ ಪಾಡ್ಯ ಕಳೆದ ಮರುದಿನ ಮುಂಜಾನೆ ಕನಕಪ್ಪ ಪಂಪು ಹೊತ್ತು ಹೊಲಕ್ಕೆ ನಡೆದ. ತಾಯವ್ವ ಅವನಿಗಿಂತ ಮುಂದೆ ಓಡಿದಳು. ಎರಡನೆಯ ಕಂಬದ ಬುಡದಲ್ಲಿ ಕರಿ ಎಳ್ಳು ಚೆಲ್ಲಿದಂತೆ ಹೊಸ ಹಿಕ್ಕೆ ಬಿದ್ದಿತ್ತು. ಮೇಲೆ ಸಂದಿನಲ್ಲಿ ಚಿಕ್ ಚಿಕ್ ಸದ್ದು. ಅವಳು ಗಂಡನ ಬೆನ್ನ ಮೇಲಿನ ಪಂಪಿನ ಪಟ್ಟಿ ಬಿಚ್ಚಿ ಇಳಿಸಿದಳು. ಅವನೂ ತಡೆಯಲಿಲ್ಲ.

ಆ ವರ್ಷ ಅವರ ಹತ್ತಿ ಪಕ್ಕದ ಹೊಲಕ್ಕಿಂತ ಎರಡು ಅಂಡಗಿ ಮೂಟೆ ಕಡಿಮೆಯೇ ಬಂತು.

“ನೋಡಿದಿ? ಅವ್ರಿಗೆ ಎರಡು ಅಂಡಗಿ ಹೆಚ್ಚ ಬಂದಾವು,” ಎಂದ ಕನಕಪ್ಪ.

“ಬರ್ಲಿ ಬಿಡ್ರಿ,” ಎಂದಳು ತಾಯವ್ವ. “ನಮ್ಮನ್ಯಾಗ ಒಬ್ಬ ಮನಷ್ಯಾ ಉಳದಾನಲ್ಲ.”