ತಲೆಯ ಮೇಲಿನ ಮುಷ್ಟಿ

ತಗಡಿಗೆ ಅಚ್ಚೊತ್ತುವ ಆ ಶೆಡ್ಡಿನ ಗದ್ದಲದಲ್ಲಿ ಮಾತು ಕೇಳಿಸುತ್ತಿರಲಿಲ್ಲ. ತನ್ನ ಕಿರುಬೆರಳು ಯಂತ್ರಕ್ಕೆ ಸಿಕ್ಕಿ ತುಂಡಾದ ವರ್ಷ ಮೇಸ್ತ್ರಿ ಎಲ್ಲರಿಗೂ ಒಂದು ಸನ್ನೆ ಕಲಿಸಿದ: ತಲೆಯ ಮೇಲೆ ಮುಷ್ಟಿ ಇಟ್ಟರೆ ಯಂತ್ರ ನಿಲ್ಲಬೇಕು, ಮುಷ್ಟಿ ಇಳಿಯುವವರೆಗೆ ಗುಂಡಿ ಮುಟ್ಟಬಾರದು. ತಪ್ಪಿದವರ ಕಪಾಳಕ್ಕೆ ಬಿಗಿಯುತ್ತಿದ್ದ. ಅವನ ಯಂತ್ರದ ಗುಂಡಿ ಒತ್ತುತ್ತಿದ್ದವನು ಹೆಂಡತಿಯ ತಮ್ಮ.

“ಭಾವ, ಅಕ್ಕನ ಮುಂದೂ ಹೀಗೇ ನಿಂತ್ಕೋತೀರಾ?” ಎಂದು ಅವನು ಟೀ ಬಿಡುವಿನಲ್ಲಿ ಕೆಣಕಿದರೆ, “ಅಲ್ಲಿ ಎರಡೂ ಕೈ ತಲೆ ಮೇಲೆ ಕಣೋ!” ಎನ್ನುತ್ತಿದ್ದ ಮೇಸ್ತ್ರಿ.

ಅಂದು ಪಕ್ಕದ ಶೆಡ್ಡಿಗಿಂತ ಮೊದಲು ಸಾವಿರ ಮುಚ್ಚಳ ಮುಗಿಸಲೇಬೇಕೆಂದು ಎಲ್ಲರೂ ಹಟ ತೊಟ್ಟಿದ್ದರು. ಊಟಕ್ಕೆ ಮುಂಚೆ ತಗಡೊಂದು ಅಚ್ಚಿನಲ್ಲಿ ಸಿಕ್ಕಿಕೊಂಡಿತು. ಅದನ್ನು ಕೀಳಲು ಎರಡೂ ಕೈ ಬೇಕು. ತನ್ನ ಬದಲಿಗೆ ಮುಷ್ಟಿ ಹಿಡಿಯಲು ಸೂಪರ್‌ವೈಸರನನ್ನು ನಿಲ್ಲಿಸಿ ಮೇಸ್ತ್ರಿ ಒಳಗೆ ಕೈ ಹಾಕಿದ. ಸೂಪರ್‌ವೈಸರ್ ವಾಚು ನೋಡಲೆಂದು ಕೈ ಇಳಿಸಿದ. ಭಾವಮೈದ ಗುಂಡಿ ಒತ್ತಿದ.

ಎರಡೂ ತೋಳು ಮೊಣಕೈವರೆಗೆ ಜಜ್ಜಿಹೋದವು. ಭಾವಮೈದನ ತೊಡೆಯ ಮೇಲೆ ನೆತ್ತರು ಹರಿಸುತ್ತಲೇ ಮೇಸ್ತ್ರಿ ಪ್ರಾಣ ಬಿಟ್ಟ.

ಭಾವಮೈದ ಎದ್ದು ಸ್ಪ್ಯಾನರಿನಿಂದ ಸೂಪರ್‌ವೈಸರನ ದವಡೆ ಮುರಿದ. ಬಿದ್ದವನ ತಲೆ ಒಡೆಯಲು ಮತ್ತೆ ಎತ್ತಿದ. “ಬಿಡೋ, ಸತ್ತೇಹೋಗ್ತಾನೆ!” ಎಂದು ಜನ ಕೂಗಿದ್ದು ಉಳಿದ ಯಂತ್ರಗಳ ಸದ್ದಿನಲ್ಲಿ ಮುಳುಗಿತು.

ಆಗ ಮುಚ್ಚಳಗಳನ್ನು ಡಬ್ಬಕ್ಕೆ ತುಂಬುವ ಮುದುಕಿ ಅವನೆದುರು ಬಂದು ತಲೆಯ ಮೇಲೆ ಮುಷ್ಟಿ ಇಟ್ಟಳು. ಅವಳನ್ನು ಕಂಡು ಉಳಿದವರೂ ಇಟ್ಟರು. ಒಬ್ಬರೂ ಇಳಿಸಲಿಲ್ಲ. ಭಾವ ಹೊಡೆದು ಕಲಿಸಿದ ಪಾಠ ಅದು. ಭಾವಮೈದನ ಎತ್ತಿದ ಕೈ ಅಲ್ಲೇ ನಿಂತಿತು, ಸ್ಪ್ಯಾನರ್ ಬೆನ್ನ ಹಿಂದೆ ಕಳಚಿ ಬಿತ್ತು.