ಹೆಸರು ಹಿಡಿದು ಬೇಡಿದ ಪ್ರಾರ್ಥನೆ

ಆ ದನಿ ನಿಮ್ಮದಲ್ಲ, ಎಸ್ತೇರಕ್ಕ. ನನ್ನದು.

ನಾಲ್ಕು ವರ್ಷದ ಹಿಂದೆ ಬನಹಟ್ಟಿಯ ನಮ್ಮ ಸಭೆಯ ಹೆಂಗಸರ ಮೊಬೈಲಿನಲ್ಲೆಲ್ಲ ಓಡಾಡಿದ ಪ್ರಾರ್ಥನೆ— ಸುನಂದಾಳ ಮನೆಯ ಗುಟ್ಟನ್ನು ದೇವರಿಗೆ ಹೇಳುವ ನೆಪದಲ್ಲಿ ಊರಿಗೆಲ್ಲ ಹೇಳಿದ್ದು— ಅದನ್ನು ನಮ್ಮ ಮಾಳಿಗೆಯ ಮೇಲೆ ನಿಂತು ನಾನು ಮಾಡಿದೆ. ನಿಮ್ಮ ದನಿಯಲ್ಲಿ. ನೀವು ಹದಿನಾಲ್ಕು ವರ್ಷ ನಡೆಸಿದ ಮಹಿಳಾ ಕೂಟವನ್ನು ಅದರಿಂದಾಗಿ ನಿಮ್ಮ ಕೈಯಿಂದ ಕಿತ್ತುಕೊಂಡರು. ನಾನು ಸುಮ್ಮನೆ ನೋಡಿದೆ.

ಬರೆದು ಹೇಳುತ್ತಿದ್ದೇನೆ, ಏಕೆಂದರೆ ಬಾಯಿ ತೆರೆದರೆ ನನ್ನನ್ನು ನಾನೇ ನಂಬುವುದಿಲ್ಲ. ನಾನು ಮಿಮಿಕ್ರಿ ಸ್ಯಾಮ್ಯಾ. ಚಿಮ್ಮಡದ ಆಟೋದವನು ಹತ್ತು ಮಂದಿಯನ್ನು ತುಂಬಿದ ಮೇಲೂ ‘ಬರ್ರಿ, ಖಾಲಿ ಐತ್ರಿ’ ಎಂದು ಕೂಗುವುದು, ನಮ್ಮ ಪಾಸ್ಟರ್ ‘ಕೊನೆಯ ಮಾತು’ ಎಂದ ಮೇಲೆ ಮತ್ತೆ ಇಪ್ಪತ್ತು ನಿಮಿಷ ಹೇಳುವುದು— ಎಲ್ಲ ನನ್ನ ಗಂಟಲಲ್ಲಿವೆ. ಮದುವೆ ಮನೆಗಳಲ್ಲಿ ಇದರಿಂದಲೇ ನನ್ನ ಅನ್ನ. ಕನ್ನಡಿಯ ಮುಂದೆ ನಿಂತು ನನ್ನನ್ನು ಅಣಕಿಸಲು ಹೋದರೆ ಮಾತ್ರ ಏನೂ ಬರುವುದಿಲ್ಲ. ಅಣಕಿಸುವಷ್ಟು ಸರಕು ಅಲ್ಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮೇಲೆ ನನಗೆ ಆಗ ಪ್ರೀತಿ ಇರಲಿಲ್ಲ, ಈಗಲೂ ಇಲ್ಲ. ನೀವು ಬಿರುಸು ಹೆಂಗಸು. ಗುರುವಾರ ಮಧ್ಯಾಹ್ನ ಮೂರಕ್ಕೆ ಕೂಟವೆಂದರೆ ಮೂರೂ ಐದಕ್ಕೆ ಬಾಗಿಲು ಹಾಕುತ್ತಿದ್ದಿರಿ. ಮಗ್ಗದ ಮನೆಗಳಲ್ಲಿ ಕಂಡಿಕೆಗೆ ನೂಲು ಸುತ್ತುವುದನ್ನು ಅರ್ಧಕ್ಕೆ ಬಿಟ್ಟು, ಸೀರೆಗೆ ಅಂಟಿದ ನೂಲಿನೆಳೆ ಕೊಡವಿಕೊಳ್ಳುತ್ತ ಓಡಿ ಬಂದವರು ಮೆಟ್ಟಿಲ ಮೇಲೆ ಕುಳಿತು ನಿಮ್ಮನ್ನು ಬೈಯುತ್ತಿದ್ದುದನ್ನು ನಾನು ಕೇಳಿದ್ದೇನೆ. ಮಾಡಿಯೂ ತೋರಿಸಿದ್ದೇನೆ.

ಆ ವರ್ಷದ ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ನಾನು ನಿಮ್ಮನ್ನು ಮಾಡಿದೆ. ಪ್ರಾರ್ಥನೆಗೆ ಮೊದಲು ಎರಡು ಸಲ ಕೆಮ್ಮುವುದು, ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುವುದು, ‘ತಂದೀ...’ ಎಂದು ಉದ್ದಕ್ಕೆ ಎಳೆದು, ಅಳು ಬಂದವರಂತೆ ನಿಲ್ಲುವುದು. ಜನ ಬಿದ್ದು ಬಿದ್ದು ನಕ್ಕರು. ನೀವು ಎದ್ದು ಬಂದು ಮೈಕು ಆರಿಸಿದಿರಿ.

“ನನ್ನ ಕೆಮ್ಮ ಮಾಡು, ನಡಿಗಿ ಮಾಡು, ನಾನೂ ನಗ್ತೇನಿ. ಪ್ರಾರ್ಥನಿ ಮುಟ್ಟಬ್ಯಾಡ. ಅದರಾಗ ಯಾರದೋ ಅಳು ಇರತೈತಿ.”

ಅಷ್ಟಕ್ಕೇ ಬಿಟ್ಟಿದ್ದರೆ— ಆದರೆ ನೀವು ಬಿಡುವವರಲ್ಲ. “ಅಲ್ಲೋ ಸ್ಯಾಮ್ಯಾ, ಊರ ಮಂದೀನ್ನೆಲ್ಲಾ ಮಾಡ್ತಿ. ನಿಮ್ಮವ್ವನ್ನ ಒಂದ ದಿನಾನೂ ಮಾಡಿಲ್ಲಲ್ಲ, ಯಾಕ? ಅಂಜಿಕಿ ಏನು?”

ಆಗ ಎದ್ದ ನಗು ಮೊದಲಿನದಕ್ಕಿಂತ ಜೋರಾಗಿತ್ತು. ನಗು ನನ್ನ ಕಡೆಗೆ ತಿರುಗಿದ್ದು ಅದೇ ಮೊದಲು. ಎರಡನೆಯ ಸಾಲಿನಲ್ಲಿ ಅವ್ವ ಕುಳಿತಿದ್ದಳು. ಅವಳ ಮುಖ...

ಅವ್ವನಿಗೂ ನಿಮಗೂ ಮೊದಲಿನಿಂದಲೂ ಆಗುತ್ತಿರಲಿಲ್ಲ. “ಕೂಟದಾಗ ಕೇಳಿದ್ದು ನಿನ್ನ ಬಾಯಾಗ ನಿಲ್ಲೂದಿಲ್ಲ, ಮಾರ್ಥಾ” ಎಂದು ಒಮ್ಮೆ ಎಲ್ಲರೆದುರು ಅಂದಿದ್ದಿರಿ. ಅವಳು ಅದನ್ನು ಮರೆತಿರಲಿಲ್ಲ. ಆದರೆ ಮನೆ ಭೇಟಿಗೆ ಇಬ್ಬಿಬ್ಬರೇ ಹೋಗಬೇಕೆಂಬ ನಿಯಮ ನಿಮ್ಮದೇ: ಒಬ್ಬಳು ಪ್ರಾರ್ಥನೆ ಮಾಡುವಾಗ ಇನ್ನೊಬ್ಬಳು ಅಳುವವಳ ಕೈ ಹಿಡಿದಿರಬೇಕು. ಹೊಸ ವರ್ಷದ ಭೇಟಿಯಲ್ಲಿ ಸುನಂದಾಳ ಮನೆಗೆ ನಿಮ್ಮ ಜೊತೆ ಹೋದವಳು ಅವ್ವ. ಅಲ್ಲಿ ಸುನಂದಾ ಬಾಯಿ ಬಿಟ್ಟಳು. ಮದುವೆಯಾಗಿ ಆರು ವರ್ಷ. ಅತ್ತೆ ಬಂಜೆ ಎಂದು ಚುಚ್ಚುತ್ತಾಳೆ. ತಪಾಸಣೆಯಲ್ಲಿ ಕೊರತೆ ಗಂಡನದೇ ಎಂದು ಬಂದಿದೆ. ಅದನ್ನು ಯಾರಿಗೂ ಹೇಳುವುದಿಲ್ಲವೆಂದು ಗಂಡ ಅವಳಿಂದ ಬೈಬಲಿನ ಮೇಲೆ ಕೈ ಇಡಿಸಿದ್ದಾನೆ. ಕೇಳಿದವರು ನೀವಿಬ್ಬರೇ.

ಅಂದು ಸಂಜೆ ರೊಟ್ಟಿ ಬಡಿಯುತ್ತ ಅವ್ವ ಎಲ್ಲವನ್ನೂ ನನಗೆ ಹೇಳಿದಳು. “ಯಾರ ಮುಂದೂ ಅನ್ನಬ್ಯಾಡ ಮತ್ತ. ಪ್ರಾರ್ಥನಿ ಮಾಡ ಅಂತ ಹೇಳಾಕತ್ತೇನಿ.” ನಮ್ಮ ಸಭೆಯಲ್ಲಿ ಮಾತು ದಾಟುವುದೇ ಹೀಗೆ. ಚಾಡಿ ಎನಿಸಬಾರದೆಂದರೆ ಕೊನೆಗೊಂದು ‘ಪ್ರಾರ್ಥನೆ ಮಾಡಿ’ ಸೇರಿಸಿದರಾಯಿತು.

ಮರುದಿನ ಮಧ್ಯಾಹ್ನ ಮಾಳಿಗೆ ಹತ್ತಿದೆ. ಪಕ್ಕದ ಮನೆಯ ಮಗ್ಗಗಳು ಓಡುತ್ತಿದ್ದವು. ನಿಮ್ಮ ಮನೆಯಲ್ಲೂ ಇದೇ ಸದ್ದು, ಒಳ್ಳೆಯದೇ ಆಯಿತು ಎಂದುಕೊಂಡೆ. ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ ಎರಡು ಸಲ ಕೆಮ್ಮಿದೆ. “ತಂದೀ... ಸುನಂದಾನ ಮ್ಯಾಲ ಕರುಣಾ ಇಡು ತಂದೀ... ಕೊರತಿ ಆಕಿ ಗಂಡಂದ ಐತಿ ಅಂತ ಡಾಕ್ಟರ್ ಬರದ ಕೊಟ್ಟಾರ, ತಂದೀ...” ಸಭೆಯ ಇಬ್ಬರು ಗೆಳೆಯರಿಗೆ ಕಳಿಸಿದೆ. “ನಿಂದ ಏನಲೇ ಇದು?” ಎಂದು ಒಬ್ಬ ಕೇಳಿದ. “ಏ ಇಲ್ಲಪಾ, ಖರೇನ ಐತಿ. ಯಾರೋ ಕಳಿಸ್ಯಾರ,” ಅಂದೆ.

ತಮಾಷೆಗೆ ಮಾಡಿದ್ದು ಎಂದು ನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ತಮಾಷೆಯಾಗಿದ್ದರೆ ನನ್ನದೆಂದು ಎದೆ ತಟ್ಟಿಕೊಳ್ಳುತ್ತಿದ್ದೆ. ಚಪ್ಪಾಳೆ ಬೇಡವೆಂದು ನಾನು ಮಾಡಿದ ಮಿಮಿಕ್ರಿ ಅದೊಂದೇ.

ಭಾನುವಾರದ ಹೊತ್ತಿಗೆ ಅದು ಎಲ್ಲರ ಮೊಬೈಲಿನಲ್ಲಿತ್ತು. ಆರಾಧನೆ ಮುಗಿದ ಮೇಲೆ ಪಾಸ್ಟರ್ ಎಲ್ಲರನ್ನೂ ನಿಲ್ಲಿಸಿಕೊಂಡರು. ಹೆಂಗಸರು ನಿಮ್ಮ ಮೇಲೆ ಮುರಿದುಕೊಂಡು ಬಿದ್ದರು. ಮುಚ್ಚಿದ ಬಾಗಿಲುಗಳ ಸಿಟ್ಟೆಲ್ಲ ಅಂದು ಹೊರಬಂತು. ಸುನಂದಾ ಕೂಗಲಿಲ್ಲ. “ನಿಮ್ಮನ್ನ ನಂಬಿ ಹೇಳಿದ್ನೆಲ್ರಿ ಅಕ್ಕಾರ,” ಎಂದಳು, ಅಷ್ಟೇ.

ಪಾಸ್ಟರ್ ಒಮ್ಮೆ ನನ್ನ ಕಡೆ ನೋಡಿದರು. “ಇದು ನಮ್ಮ ಸ್ಯಾಮ್ಯಾನ ಆಟ ಅಲ್ಲಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಅವ್ವ ಎದ್ದಳು. “ನನ್ನ ಮಗಗ ಇದೆಲ್ಲಾ ಹೆಂಗ ಗೊತ್ತಾಗಬೇಕ್ರಿ? ನಾ ಮನ್ಯಾಗ ಉಸರ ಬಿಟ್ಟಿಲ್ಲ.”

ನಾನು ಬಾಯಿ ತೆರೆಯುತ್ತಿದ್ದೆನೇ? ಇಲ್ಲ. ಅವ್ವ ಅಡ್ಡ ಬಂದದ್ದರಿಂದ ಆ ಪುಣ್ಯ ನನಗೆ ತಪ್ಪಿತು ಎಂದು ಹೇಳಲಾರೆ.

ನೀವು ಅವ್ವನನ್ನು ನೋಡಿದಿರಿ, ಆಮೇಲೆ ನನ್ನನ್ನು. ನಿಮಗೆ ಎಲ್ಲ ತಿಳಿದುಹೋಯಿತು ಎಂದು ನನಗೂ ತಿಳಿಯಿತು. ನೀವು ಹೆಂಗಸರ ಕಡೆ ತಿರುಗಿ ಒಂದೇ ಮಾತು ಕೇಳಿದಿರಿ: “ನಾ ಹಿಂಗ ಪ್ರಾರ್ಥನಿ ಮಾಡತೇನೇನ್ರವಾ?”

ಹೆಂಗಸರು ಬೈಬಲು ಮಡಚಿ ಚೀಲಕ್ಕೆ ಹಾಕಿಕೊಂಡರು. ಕೂಟದ ಕೋಣೆಯ ಕೀಲಿಯನ್ನು ಮೇಜಿನ ಮೇಲಿಟ್ಟು ಹೋದಿರಿ. ಮುಂದಿನ ತಿಂಗಳು ಆ ಕೀಲಿ ಅವ್ವನ ಸೊಂಟಕ್ಕೆ ಬಂತು. ಮಾತು ಮುರಿದಳೆಂದು ಗಂಡ ಸುನಂದಾಳನ್ನು ಹುನ್ನೂರಿನ ತವರಿಗೆ ಅಟ್ಟಿದ, ಇನ್ನೂ ಕರೆಸಿಕೊಂಡಿಲ್ಲ. ನೀವು ಭಾನುವಾರ ಕೊನೆಯ ಬೆಂಚಿನಲ್ಲಿ ಕುಳಿತು ಹೋಗುತ್ತೀರಿ. ಗುರುವಾರ ಬಸ್ಸು ಹತ್ತಿ ಗಲಗಲಿಗೆ ಹೋಗಿ, ಅಲ್ಲಿನ ಇಬ್ಬರು ಮುದುಕಿಯರ ಜೊತೆ ಪ್ರಾರ್ಥನೆ ಮಾಡಿ ಬರುತ್ತೀರಂತೆ. ಅದನ್ನೂ ನಾನು ಅಣಕಿಸಿದ್ದೇನೆ: ‘ಮೂರು ಮಂದಿಯ ಮಹಾಸಭೆ’ ಎಂದು. ಗೆಳೆಯರು ನಕ್ಕರು.

ನಿಮ್ಮ ಆ ಪ್ರಶ್ನೆ ನನಗೆ ಅರ್ಥವಾದದ್ದು ಈ ವರ್ಷ, ಮಹಿಳೆಯರ ಭಾನುವಾರದಂದು. ಅಂದು ಆರಾಧನೆಯನ್ನೆಲ್ಲ ಹೆಂಗಸರೇ ನಡೆಸುತ್ತಾರಲ್ಲ, ಅವ್ವ ಮೈಕು ಹಿಡಿದು ಒಬ್ಬೊಬ್ಬರ ಹೆಸರು, ಒಬ್ಬೊಬ್ಬರ ರೋಗ, ಒಬ್ಬೊಬ್ಬರ ಮನೆಯ ಜಗಳ ಹೇಳಿ ಪ್ರಾರ್ಥಿಸುತ್ತಿದ್ದಳು. ನನ್ನ ಪಕ್ಕದಲ್ಲಿದ್ದ ಮುದುಕಿ ಗೊಣಗಿದಳು: “ಎಸ್ತೇರಿ ಒಮ್ಮಿನೂ ಹೆಸರ ತಗೀತಿದ್ದಿಲ್ಲ. ‘ನಿನ್ನ ಮಗಳು’ ಅಂತಿದ್ದಳು. ಯಾರಂತ ದೇವರಿಗೆ ಗೊತ್ತೈತಿ, ನೀವು ತಿಳಕೊಂಡ ಏನ್ ಮಾಡವರು ಅಂತಿದ್ದಳು.”

ಕೆಮ್ಮು, ಸೆರಗು, ಎಳೆತ, ಮಗ್ಗದ ಸದ್ದು— ಎಲ್ಲ ಹಿಡಿದಿದ್ದೆ. ಇದೊಂದನ್ನು ಹಿಡಿದಿರಲಿಲ್ಲ. ಕೇಳಿಸಿಕೊಂಡೇ ಇರಲಿಲ್ಲ. ಊರಲ್ಲೆಲ್ಲ ಗೆದ್ದ ನನ್ನ ಆ ಮಿಮಿಕ್ರಿ ಶುದ್ಧ ತಪ್ಪು ಮಿಮಿಕ್ರಿ.

“ಹಂಗಾರ ಅವತ್ತ ಯಾಕ ಹೇಳಲಿಲ್ಲಬೇ ಆಯಿ?” ಎಂದೆ.

“ಸಿಟ್ಟಿತ್ತಪಾ ನಮಗ,” ಎಂದಳು ಮುದುಕಿ, ಆಮೆನ್ ಹೇಳುವಷ್ಟೇ ಸಲೀಸಾಗಿ.

ಮನೆಗೆ ಹೋಗಿ ಅವ್ವನಿಗೆ ಹೇಳಿದೆ— ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ ಎಂದು. ಅವಳು ಹಿಟ್ಟು ನಾದುತ್ತಲೇ ಇದ್ದಳು. “ಅವತ್ತ ನಿನಗ ಗೊತ್ತಿತ್ತಲ್ಲಬೇ?” ಎಂದು ಕೇಳಿದೆ.

“ಹಡದಾಕಿ ನಾ. ನಿನ್ನ ದನಿ ಗೊತ್ತಾಗೂದಿಲ್ಲೇನೋ ನನಗ?” ಎಂದಳು. ಆಮೇಲೆ, “ಹೇಳಹೋಗು. ಮಗಾ ಅಂತ ಮುಚ್ಚಿಟ್ಟೆ, ತಾಯಿ ಅಂತ ನೀ ಮುಚ್ಚಬ್ಯಾಡ. ಆದರ ಈ ಮನ್ಯಾಗ ಮತ್ತ ನನ್ನ ಕೈಯಾನ ರೊಟ್ಟಿ ಕೇಳಬ್ಯಾಡ.”

ಎರಡು ವಾರವಾಯಿತು. ಖಾನಾವಳಿಯಲ್ಲಿ ಉಣ್ಣುತ್ತಿದ್ದೇನೆ.

ಮೊದಲು ಹುನ್ನೂರಿಗೆ ಹೋದೆ. ಸುನಂದಾ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಕೇಳುವಷ್ಟೂ ಹೊತ್ತು ಮೊರ ನಿಲ್ಲಿಸಲಿಲ್ಲ. ನನಗೆ ಅಳು ಬಂತು.

“ನನ್ನ ಮುಂದ ಅತ್ತ ಹಗರ ಆಗಿ ಹೋಗಬೇಕಂತ ಬಂದಿಯೇನ?” ಎಂದಳು. “ಬಾಯಿಲೆ ಹೇಳಿದ್ರ ನಿನ್ನ ಯಾರ ನಂಬತಾರ? ಎಸ್ತೇರಕ್ಕಾರ ಕಲಿಸಿ ಕಳಿಸ್ಯಾರ ಅಂತಾರ. ಕೂಟದಾಗ ನಿಂತು ಆ ದನಿ ತಗಿ. ನಿನ್ನ ಬಾಯಾಗಿಂದ ಬರೂದನ್ನ ಅವರ ಕಣ್ಣಿಲೆ ನೋಡಲಿ. ನಡಿ ಇನ್ನ.”

ನೀರು ಕೂಡ ಕೇಳಲಿಲ್ಲ. ಸರಿಯೇ ಮಾಡಿದಳು.

ನಿಮ್ಮಲ್ಲಿ ಕ್ಷಮೆ ಕೇಳುವುದಿಲ್ಲ, ಎಸ್ತೇರಕ್ಕ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ— ಕೊಡಲೇಬೇಕೆಂದು ಬೈಬಲಿನಲ್ಲಿ ನಲವತ್ತು ವರ್ಷದಿಂದ ಓದುತ್ತಿದ್ದೀರಿ. ಅಷ್ಟು ಅಗ್ಗಕ್ಕೆ ನನಗದು ಬೇಡ. ಸುನಂದಾಳ ಮನೆ ಇದರಿಂದ ಕೂಡುವುದಿಲ್ಲ ಎಂದೂ ಗೊತ್ತು.

ಬರುವ ಗುರುವಾರ ಮೂರಕ್ಕೆ ಐದು ನಿಮಿಷ ಮೊದಲೇ ಕೂಟದ ಬಾಗಿಲಲ್ಲಿ ಇರುತ್ತೇನೆ. ಕೀಲಿ ಅವ್ವನ ಹತ್ತಿರವಿದೆ. ಅವಳು ತೆರೆಯದಿದ್ದರೆ ಮೆಟ್ಟಿಲ ಮೇಲೆ ನಿಲ್ಲುತ್ತೇನೆ. ಎರಡು ಸಲ ಕೆಮ್ಮುತ್ತೇನೆ. ನಿಮ್ಮ ದನಿ ತೆಗೆಯುತ್ತೇನೆ, ಕೊನೆಯ ಸಲ. ಸುನಂದಾಳನ್ನು ‘ನಿನ್ನ ಮಗಳು’ ಎನ್ನುತ್ತೇನೆ. ಅವ್ವನ ಹೆಸರು ಹೇಳುವುದು ಅವ್ವನಿಗೆ ಬಿಟ್ಟದ್ದು. ಈ ಸಲ ನಾನು ಯಾರ ಹೆಸರನ್ನೂ ತೆಗೆಯುವುದಿಲ್ಲ— ನನ್ನದೊಂದನ್ನು ಬಿಟ್ಟು.