ಒಗೆದ ಜಂಪರು, ಮಸ್ಕತ್ತಿನ ಡಾಕ್ಟರು

ಅಕ್ಕನನ್ನು ಮಸ್ಕತ್ತಿಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು. ಅವಳಿಗೆ ಏನಾಗಿದೆ ಎಂಬುದು ಮಾತ್ರ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿದ್ದ ಕಾಲ. ನಾನು ಗಂಗಾವತಿಯಲ್ಲಿ ಶಾಲಾ ಶಿಕ್ಷಕಿ, ಅಕ್ಕನ ಮನೆ ತಾವರಗೇರಾದಲ್ಲಿ. ಅಕ್ಕನ ಗಂಡನನ್ನು ನಾವು ಮಾಮಾ ಎನ್ನುತ್ತೇವೆ. ಕುಷ್ಟಗಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರು ಎಸ್‌ಟಿಡಿ ಬೂತಿನಿಂದ ನಮ್ಮ ಶಾಲೆಗೆ ಫೋನ್ ಮಾಡಿದರು.

"ನಿಮ್ಮಕ್ಕನ್ನ ಫಾರಿನ್‌ನಾಗ ತೋರಸ್ತೀವಿ. ತಮ್ಮ ಎಲ್ಲಾ ಮಾತಾಡ್ಯಾನ."

"ಏನಾಗೇತಿ ಮಾಮಾ?"

"ಏನಿಲ್ಲವಾ. ಹೆಂಗಸರ ತ್ರಾಸು."

ಹೆಂಗಸರ ತ್ರಾಸು ಎಂದರೆ ನಮ್ಮಲ್ಲಿ ಅಂಗಾಲಿನಿಂದ ನೆತ್ತಿಯವರೆಗೆ ಏನೂ ಆಗಬಹುದು. ನನಗೆ ಅಲ್ಲಿಂದಲೇ ಸಿಟ್ಟು ಹತ್ತಿತು. ರವಿವಾರದ ಮೊದಲ ಬಸ್ಸು ಹಿಡಿದು ಹೋದರೆ ಪಡಸಾಲೆಯಲ್ಲಿ ಹೊಸ ಸೂಟ್‌ಕೇಸು ಕೂತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜನ ನಾವು.

ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎರಡು ಸಲ ಕೇಳಿದ ಮೇಲೆ, ತಲೆ ಎತ್ತದೆ, ರೊಟ್ಟಿಗೆ ಹೇಳುವವಳಂತೆ ಹೇಳಿದಳು. ಎಡಗಡೆ ಜಂಪರಿನ ಒಳಗೆ ಕಲೆಯಾಗುತ್ತದೆ. ಯುಗಾದಿಯಿಂದ ಹೀಗೇ ಇದೆ. ಮೊದಲು ತಿಳಿಯಾಗಿತ್ತು, ಈಗ ಕೆಂಪಗೆ ಬರುತ್ತಿದೆ.

"ಹಾಲು ಉಳಿದಿರಬೇಕು ಅನ್ಕೊಂಡೆ," ಅಂದಳು. ಅವಳ ಕಿರಿಯ ಮಗಳು ಆಗ ಕಾಲೇಜಿಗೆ ಹೋಗುತ್ತಿದ್ದಳು.

"ಕೆಂಪು ಹಾಲು ಯಾವ ಎಮ್ಮಿ ಕೊಡತೈತಿ ಅಕ್ಕಾ?" ಎಂದೆ. ಅವಳಿಗೆ ನಗು ಬಂತು, ನನಗೆ ಬರಲಿಲ್ಲ. ನಮ್ಮ ಶಾಲೆಯ ಹಿರಿಯ ಶಿಕ್ಷಕಿಯೊಬ್ಬರಿಗೆ ಇದೇ ಥರ ಶುರುವಾಗಿ ಅದು ಕ್ಯಾನ್ಸರ್ ಎಂದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಅಕ್ಕನಿಗೂ ಅದೇ ಇದ್ದರೆ ಎಂದು ಹೆದರಿದೆ. ಈ ಮನೆಯವರು ನೋಡಿದರೆ ಸೂಟ್‌ಕೇಸಿಗೆ ಬೀಗ ಸರಿಯಾಗಿ ಬೀಳುತ್ತದೋ ಇಲ್ಲವೋ ನೋಡುತ್ತಿದ್ದರು.

ಮಾಮಾನ ತಮ್ಮ ಮಸ್ಕತ್ತಿನಲ್ಲಿ ಎ.ಸಿ. ರಿಪೇರಿ ಮಾಡುವ ಹುಡುಗ. ಪಾಪ, ಒಳ್ಳೆಯವನು. ಅತ್ತಿಗೆಯ ಜಂಪರಿಗೆ ಎದೆಯ ಹತ್ತಿರ ಏನೋ ಕಲೆಯಾಗುತ್ತದೆ ಎಂದಷ್ಟೇ ಹೇಳಿ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ವಿಚಾರಿಸಿದ್ದ. ಅವರು ಸರಿಯಾಗಿಯೇ ಕೇಳಿದ್ದರು: ಒಂದೇ ಕಡೆಯೋ ಎರಡೂ ಕಡೆಯೋ, ತಾನಾಗೇ ಬರುತ್ತದೋ ಒತ್ತಿದರೆ ಮಾತ್ರವೋ, ಬಣ್ಣ ಯಾವುದು, ಗಂಟು ಕೈಗೆ ಹತ್ತುತ್ತದೋ, ಸ್ಕ್ಯಾನಿಂಗ್ ಏನಾದರೂ ಆಗಿದೆಯೋ. ಇದಕ್ಕೆಲ್ಲ ಉತ್ತರ ಕಳಿಸಿ, ಆಮೇಲೆ ಟಿಕೆಟ್ ಮಾತು ಎಂದಿದ್ದರು. ಈ ಪ್ರಶ್ನೆಗಳು ಸಮುದ್ರ ದಾಟಿ ಬಂದು ಅಕ್ಕನ ಪಡಸಾಲೆಯಲ್ಲಿ ಸತ್ತು ಬಿದ್ದಿದ್ದವು.

"ಅವ ಹೆಂಗ ಕೇಳಬೇಕವಾ ಇದನ್ನೆಲ್ಲಾ? ಅತ್ತಿಗಿ ಅಂದ್ರ ತಾಯಿ ಇದ್ದಂಗ," ಅಂದರು ಮಾಮಾ.

"ಅವ ಬ್ಯಾಡ. ನೀವು ಗಂಡ ಅದೀರಲ್ಲ, ನೀವು ಕೇಳಬೇಕಾಗಿತ್ತು."

"ನಾ ಆದ್ರೂ ಹೆಂಗ ಕೇಳ್ಲಿ?"

ಇವರಿಗೆ ಮೂರು ಮಕ್ಕಳು. ನಾನು ಎದ್ದು ಹೋಗಿ ನೀರು ಕುಡಿದೆ.

ಗಂಗಾವತಿಯಲ್ಲಿ ನನಗೆ ಗೊತ್ತಿದ್ದ ಲೇಡಿ ಡಾಕ್ಟರ್ ಒಬ್ಬರಿದ್ದರು. ಮುಂದಿನ ವಾರ ಅಕ್ಕ ಬಂದಳು. ತಲೆಸ್ನಾನ ಮಾಡಿ, ಹೂ ಮುಡಿದು, ಇಳಕಲ್ ಸೀರೆಗೆ ಹೊಸ ಜಂಪರು ಹಾಕಿಕೊಂಡು, ಬೀಗರ ಮನೆಯ ಮದುವೆಗೆ ಹೊರಟವಳಂತೆ. ಡಾಕ್ಟರ್ ಪರೀಕ್ಷೆ ಮಾಡಿದರು. ಒಂದು ಹನಿಯೂ ಇಲ್ಲ, ಕಲೆಯೂ ಇಲ್ಲ. ಅವರು ನನ್ನ ಮುಖ ನೋಡಿದರು, ನಾನು ಅಕ್ಕನ ಮುಖ ನೋಡಿದೆ.

"ಮುಂಜಾನೆ ಬಚ್ಚಲದಾಗ ಎಲ್ಲಾ ಒತ್ತಿ ತಗದು, ಬಿಸಿನೀರಾಗ ತೊಳಕೊಂಡು ಬಂದೀನ್ರಿ. ನಿಮ್ಮ ಮುಂದ ಹೊಲಸು ಇರಬಾರದಲ್ರೀ," ಅಂದಳು ಅಕ್ಕ, ಮೆಚ್ಚುಗೆ ಸಿಗುತ್ತದೆಂಬ ಧೈರ್ಯದಿಂದ.

ಇದು ನಮ್ಮ ಹೆಂಗಸರ ಹಳೇ ರೋಗ. ಮಗುವಿಗೆ ಕಜ್ಜಿಯಾದರೆ ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಪೌಡರ್ ಬಳಿದು, ಕಾಡಿಗೆ ಇಟ್ಟು ಡಾಕ್ಟರ ಹತ್ತಿರ ಒಯ್ಯುತ್ತಾರೆ. ಡಾಕ್ಟರಿಗೆ ಪೌಡರ್ ಕಾಣುತ್ತದೆ. ರೋಗವನ್ನು ಮನೆಯಲ್ಲಿ ಬಿಟ್ಟು, ಮರ್ಯಾದೆಯನ್ನು ಮಾತ್ರ ಆಸ್ಪತ್ರೆಗೆ ತರುತ್ತಾರೆ. ಅಂದು ನನಗೆ ಅಳಬೇಕೋ ಅಕ್ಕನಿಗೆ ಎರಡು ಬಾರಿಸಬೇಕೋ ತಿಳಿಯಲಿಲ್ಲ. ಈಗ ಆ ಮಾತು ತೆಗೆದರೆ ಅಕ್ಕನೇ ಬಿದ್ದು ಬಿದ್ದು ನಗುತ್ತಾಳೆ.

ಡಾಕ್ಟರ್ ಸಿಟ್ಟಾಗಲಿಲ್ಲ. "ನೀವಽ ಒತ್ತಬ್ಯಾಡ್ರಿ. ಒತ್ತಿದ್ರ ಎಷ್ಟೋ ಮಂದಿಗೆ ಒಂದೀಟು ಬರತೈತಿ, ಅದಕ್ಕ ಅರ್ಥ ಇಲ್ಲ. ತಾನಾಗೇ ಬರೂದು, ಒಂದಽ ಕಡಿ, ಒಂದಽ ತೂತಿನಿಂದ, ಕೆಂಪಗ. ಹಂಗ ಐತೇನು ಅಂತ ನಾ ನೋಡಬೇಕು. ಒಗೀಲಾರದ ಜಂಪರ ತಗೊಂಡು ಬರ್ರಿ."

ಎರಡನೇ ಸಲ ಬಂದಾಗಲೂ ಜಂಪರು ಒಗೆದದ್ದೇ, ಮೇಲೆ ಇಸ್ತ್ರಿ ಬೇರೆ. "ಒತ್ತಿಲ್ಲವಾ, ನಿನ್ನಾಣಿ. ಆದ್ರ ಹೊಲಸ ಜಂಪರ ಚೀಲದಾಗ ಇಟ್ಕೊಂಡು ನಾಕು ಮಂದಿ ನಡುವ ಹೆಂಗ ಕುಂದರ್ಲಿ?" ಪುಣ್ಯಕ್ಕೆ ದಾರಿಯಲ್ಲೇ ಹೊಸ ಕಲೆಯಾಗಿತ್ತು. ಡಾಕ್ಟರ್ ತೊಟ್ಟಿನ ಸುತ್ತ ಒಂದೊಂದೇ ಕಡೆ ಬೆರಳಿಟ್ಟು ಮೆಲ್ಲಗೆ ಒತ್ತುತ್ತಾ ಬಂದರು. ಒಂದೇ ಒಂದು ಜಾಗದಲ್ಲಿ ಕೆಂಪು ಹನಿ ಮೂಡಿತು. ಅದನ್ನು ಗಾಜಿನ ಚೂರಿಗೆ ಸವರಿಕೊಂಡು ಪರೀಕ್ಷೆಗೆ ತೆಗೆದಿಟ್ಟರು.

"ಭಾಳ ಸಲ ಇದು ಹಾಲಿನ ನಾಳದಾಗ ಬೆಳೆದ ಸಣ್ಣ ಗುಳ್ಳಿ ಇರತೈತಿ, ಅದರಿಂದ ಜೀವಕ್ಕೇನಿಲ್ಲ. ಕೆಲವು ಸಲ ಕ್ಯಾನ್ಸರ್ ಇರತೈತಿ. ಬರೇ ಕಣ್ಣೀಲೆ ನೋಡಿ ಹೇಳಾಕ ಬರೂದಿಲ್ಲ, ಈ ಗಾಜಿನ ಪರೀಕ್ಷಾನೂ ಸಾಲೂದಿಲ್ಲ. ಹುಬ್ಬಳ್ಳಿಗೆ ಹೋಗಿ ಮೊಲಿ ಎಕ್ಸರೆ, ಸ್ಕ್ಯಾನಿಂಗ್ ಮಾಡಸ್ರಿ. ತಡಾ ಮಾಡಬ್ಯಾಡ್ರಿ. ಮಸ್ಕತ್ತಿಗೆ ಹೋಗೂದಾದ್ರೂ ಅವರೂ ಮೊದಲು ಇದನ್ನಽ ಕೇಳ್ತಾರ. ಮತ್ತ, ಆಪರೇಷನ್ ಆದ್ರ ಆಮ್ಯಾಲೂ ತೋರಸ್ಕೋತ ಇರಬೇಕಾಗತೈತಿ. ಪ್ರತಿ ಸಲ ಅಷ್ಟು ದೂರ ಯಾರು ಒಯ್ತಾರ, ಅದನ್ನ ಈಗಽ ವಿಚಾರ ಮಾಡ್ರಿ."

ಬಸ್ ಸ್ಟ್ಯಾಂಡಿನಲ್ಲಿ ಅಕ್ಕನನ್ನು ತರಾಟೆಗೆ ತೆಗೆದುಕೊಂಡೆ. ಹುಬ್ಬಳ್ಳಿ ಕೈಯಳತೆಯಲ್ಲಿ ಇದ್ದಾಗ ಮಸ್ಕತ್ತಿನ ಹುಚ್ಚು ಯಾಕೆ ಎಂದೆ. ಅವಳು ಸೆರಗಿನ ತುದಿ ತಿರುವುತ್ತಾ ಹೇಳಿದಳು.

"ಅಲ್ಲಿ ನನ್ನ ಗುರುತು ಯಾರಿಗೈತಿ? ಯಾರ ಸೊಸಿ, ಯಾರ ಹೇಂತಿ, ಯಾರಿಗೂ ಗೊತ್ತಿಲ್ಲ. ಇಲ್ಲಿ ಆ ಮಿಷನ್ ನಡಸಾವ ಯಾರ ಬೀಗರ ಪೈಕಿ ಇರ್ತಾನೋ. ನಾಳೆ ಮದುವ್ಯಾಗ ನನಗ ಊಟಕ್ಕ ಬಡಸಾಕ ಬಂದ್ರ ಏನು ಮಾಡ್ಲಿ?"

ನನ್ನ ಸಿಟ್ಟು ಒಮ್ಮೆಲೇ ಇಳಿಯಿತು. ಫಾರಿನ್ನಿನ ದೊಡ್ಡ ಮಿಷನ್ನಿನ ಆಸೆ ಮಾಮಾನದು. ಅವಳಿಗೆ ಬೇಕಾದದ್ದು ಗುರುತಿಲ್ಲದ ಒಂದು ಕೋಣೆ. ಜೀವ ಹೋದರೂ ಸೆರಗು ಜಾರಬಾರದೆಂದು ನಾವೇ ಅವಳಿಗೆ ಕಲಿಸಿದ್ದೆವು. ಆದರೂ ಬಸ್ಸು ಬರುವಷ್ಟರಲ್ಲಿ ಸಿಟ್ಟು ಮತ್ತೆ ಏರಿತು.

ಹುಬ್ಬಳ್ಳಿಗೆ ನಾನೇ ಎಳೆದುಕೊಂಡು ಹೋದೆ, ಮಾಮಾ ಹಿಂದಿನಿಂದ ಬಂದರು. ಗಾಜಿನ ಮೇಲೆ ಏನೂ ಸಿಕ್ಕಿರಲಿಲ್ಲ, ಸ್ಕ್ಯಾನಿಂಗಿನಲ್ಲಿ ನಾಳದೊಳಗೆ ಗುಳ್ಳೆ ಕಂಡಿತು. ಆ ನಾಳವನ್ನಷ್ಟೇ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಅಲ್ಲಿಯ ಡಾಕ್ಟರು, ವಯಸ್ಸಾದ ಗಂಡಸು, ನಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದರು: ಕ್ಯಾನ್ಸರೇ. ನಾಳಗಳ ಒಳಗೇ ಇದೆ, ಹೊರಗೆ ದಾಟಿಲ್ಲ. ಆದರೆ ಒಳಗೊಳಗೇ ಬಹಳ ದೂರ ಹರಿದಿರುವುದರಿಂದ ಆ ಭಾಗವನ್ನು ಪೂರ್ತಿ ತೆಗೆಯಬೇಕು. ಈಗ ತೆಗೆದರೆ ಉಳಿಯುವ ಭರವಸೆ ಚೆನ್ನಾಗಿದೆ.

ಮಾಮಾ ಕುರ್ಚಿಯ ತುದಿಗೆ ಸರಿದು ಗಂಟಲು ಸರಿಮಾಡಿಕೊಂಡರು. "ಮಸ್ಕತ್ತಿನಾಗ ತಮ್ಮಗ ಒಂದು ಮಾತು ಕೇಳಿ ಹೇಳ್ತೀವ್ರಿ. ಆ ಜಾಗಾ ಅಂದ್ರ, ಅದು, ಹೆಂಗಸರ..."

"ಮೊಲಿ ಅನ್ರಿ," ಅಂದಳು ಅಕ್ಕ. ದನಿ ಏನೂ ಸಣ್ಣದಿರಲಿಲ್ಲ. "ಮೊಲಿ. ನಂದು ಅದು. ಯಾರನ್ನೂ ಕೇಳೂದು ಬ್ಯಾಡ. ಡಾಕ್ಟರ್ರ, ಇಲ್ಲೇ ತಗೀರಿ. ಯಾವತ್ತು ಬರ್ಲಿ ಹೇಳ್ರಿ."

ಮಾಮಾ ಗಾಬರಿಯಿಂದ ಬಾಗಿಲ ಕಡೆ ತಿರುಗಿ ನೋಡಿದರು, ಯಾರಾದರೂ ಕೇಳಿಸಿಕೊಂಡರೋ ಎಂದು. ಹೊರಗೆ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಹೆಂಗಸರೆಲ್ಲ ಕೇಳಿಸಿಕೊಂಡಿದ್ದರು.